ಕಳೆ ಕೊಚ್ಚುವ ಯಂತ್ರ: ಯಾವ ಗಿಡಕ್ಕೆ ಯಾವ ಹೆಡ್, ಯಾವ ದಾರ?



ಹೆಗಲಿಗೆ ಬೆಲ್ಟ್ ಹಾಕಿಕೊಂಡು ಹುಲ್ಲು, ಕಳೆ, ಪೊದೆ ಕೊಚ್ಚುವ ಪೆಟ್ರೋಲ್ ಯಂತ್ರ ಈಗ ಹಳ್ಳಿ ಹಳ್ಳಿಯಲ್ಲೂ ಕಾಣುತ್ತದೆ. ಅಂಗಡಿಯವರು ಇದನ್ನು ಬ್ರಷ್ ಕಟರ್ ಎನ್ನುತ್ತಾರೆ, ನಮ್ಮ ರೈತರು ಕಳೆ ಮೆಷಿನ್ ಎನ್ನುತ್ತಾರೆ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದ ಅಂಚಿನಲ್ಲಿ, ಅರಸೀಕೆರೆ, ಚನ್ನರಾಯಪಟ್ಟಣ ಕಡೆ ತೆಂಗಿನ ತೋಟದಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಇದರ ಸದ್ದು ಕೇಳಿಸುತ್ತದೆ. ಕೂಲಿಯವರು ಸಿಗದ ಈ ಕಾಲದಲ್ಲಿ ಇದು ಉಪಯುಕ್ತ ಸಾಧನ. ಅದರಲ್ಲಿ ಎರಡು ಮಾತಿಲ್ಲ.

ಪಶುವೈದ್ಯರಿಗೂ ಈ ಯಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಕೆಲವು ವರ್ಷಗಳ ಹಿಂದೆ ಆಲೂರು ಕಡೆಯ ಒಂದು ಊರಿನಿಂದ ನನಗೆ ಕರೆ ಬಂತು. ಎಚ್.ಎಫ್. ಮಿಶ್ರತಳಿ ಹಸು, ಮೂರನೇ ಸೂಲು, ಐದು ತಿಂಗಳ ಗಬ್ಬ. ಮನೆಯ ಹೆಣ್ಣುಮಗಳು, "ಡಾಕ್ಟ್ರೇ, ಎಂಟು ದಿನದ ಹಿಂದೆ ಸಂಜೆ ಆರು ಲೀಟರ್ ಕರೆದಿದ್ದೆ. ಮಾರನೇ ದಿನ ಬೆಳಿಗ್ಗೆ ಒಂದೂವರೆ ಲೀಟರ್ ಆಯಿತು. ಅಜೀರ್ಣ ಇರಬೇಕು ಅಂತ ಶುಂಠಿ, ಓಮ ಕುಡಿಸಿದೆವು" ಎಂದರು. ನಾನು ಹೋದಾಗ ಹಸುವಿನ ಗಂಗೆದೊಗಲು ಊದಿತ್ತು, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತ್ತು, ಮೊಣಕೈ ಅಗಲಿಸಿ ನಿಂತಿತ್ತು. ಮುಟ್ಟಿದರೆ ನರಳುತ್ತಿತ್ತು. ಆ ಹಂತದಲ್ಲಿ ನಾನು ಮಾಡಬಹುದಾದ್ದು ಹೆಚ್ಚೇನೂ ಇರಲಿಲ್ಲ. ಮೂರನೇ ದಿನ ಹಸು ಸತ್ತಿತು.

ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಚೀಲದ ತುಂಬ ಕೀವು ಸಿಕ್ಕಿತು. ಆ ಕೀವಿನೊಳಗೆ ಎರಡೂವರೆ ಇಂಚು ಉದ್ದದ, ಸೂಜಿಯಂತಹ ಉಕ್ಕಿನ ಎಳೆ ಇತ್ತು. ಅದನ್ನು ನೋಡಿದ ಕೂಡಲೇ ಮನೆಯ ಮಗ ಗುರುತಿಸಿದ. ಒಂದು ಭಾನುವಾರ ಯಂತ್ರದ ನೈಲಾನ್ ದಾರ ಮುಗಿದಿತ್ತು, ಅಂಗಡಿ ಮುಚ್ಚಿತ್ತು. ಹಳೆಯ ಬೈಕಿನ ಕ್ಲಚ್ ತಂತಿಯನ್ನೇ ಹೆಡ್ಡಿಗೆ ಪೋಣಿಸಿ ಬದುವಿನ ಹುಲ್ಲು ಹೊಡೆದಿದ್ದ. ಆ ಹುಲ್ಲನ್ನೇ ಬಾಚಿ ಕೊಟ್ಟಿಗೆಗೆ ತಂದಿದ್ದರು.

ಆ ಹುಡುಗನಿಗೆ ಯಾರೂ ಇದನ್ನು ಹೇಳಿರಲಿಲ್ಲ. ನಾನೂ ನನ್ನ ತರಬೇತಿಗಳಲ್ಲಿ ಅದುವರೆಗೆ ಹೇಳಿರಲಿಲ್ಲ. ಆದ್ದರಿಂದಲೇ ಈ ಪಾಠ. ಒಂದೇ ಒಂದು ಮಾತು ನೆನಪಿನಲ್ಲಿ ಉಳಿಯಲಿ: ಪೊದೆ ಸವರುವುದು ಒಂದು ಕೆಲಸ, ಮೇವು ಕೊಯ್ಯುವುದು ಇನ್ನೊಂದು ಕೆಲಸ. ಎರಡಕ್ಕೂ ಒಂದೇ ಯಂತ್ರ ಸಾಕು, ಆದರೆ ಒಂದೇ ಹೆಡ್ ಆಗದು.

ದಾರ ಸವೆದು ಎಲ್ಲಿಗೆ ಹೋಗುತ್ತದೆ?

ನೈಲಾನ್ ದಾರಕ್ಕೆ ಕತ್ತಿಯಂತೆ ಅಲಗು ಇಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ವೇಗದಲ್ಲಿ ಅದರ ತುದಿ ಗಿಡಕ್ಕೆ ಹೊಡೆದು ಹರಿಯುತ್ತದೆ. ಹೊಡೆದಷ್ಟೂ ತಾನೂ ಸವೆಯುತ್ತದೆ. ಬೆಳಿಗ್ಗೆ ಸುತ್ತಿದ ದಾರ ಸಂಜೆಗೆ ಮುಗಿದಿರುತ್ತದೆ. ಮುಗಿದ ದಾರವೆಲ್ಲ ಎಲ್ಲಿಗೆ ಹೋಯಿತು ಎಂದು ಒಮ್ಮೆ ಯೋಚಿಸಿ. ಅದು ಹೋಗಿರುವುದು ಹುಲ್ಲಿನೊಳಕ್ಕೆ.

ಇದು ಮೂರು ಬಗೆಯಲ್ಲಿ ಹುಲ್ಲಿಗೆ ಸೇರುತ್ತದೆ. ಒಂದು, ಸವೆದ ಸಣ್ಣ ಪುಡಿ. ಎರಡು, ಹೆಡ್ಡನ್ನು ನೆಲಕ್ಕೆ ಕುಟ್ಟಿ ದಾರ ಬಿಡಿಸಿದಾಗ ಗಾರ್ಡಿನ ಅಂಚಿನಲ್ಲಿರುವ ಚಿಕ್ಕ ಚಾಕು ಹೆಚ್ಚಾದ ದಾರವನ್ನು ಕತ್ತರಿಸಿ ಎಸೆಯುವ ತುಂಡು. ಮೂರು, ಬೇಲಿ ತಂತಿಗೋ ಮರದ ಬುಡಕ್ಕೋ ತಗುಲಿ ದಾರ ಹೆಡ್ಡಿನ ಬಾಯಲ್ಲೇ ತುಂಡಾದಾಗ ಹಾರಿ ಹೋಗುವ ನಾಲ್ಕೈದು ಇಂಚಿನ ತುಂಡು.

ಹಸು ಮೇವನ್ನು ಆಯ್ದು ತಿನ್ನುವುದಿಲ್ಲ. ನಾಲಿಗೆಯಲ್ಲಿ ಬಾಚಿ, ಅರೆಬರೆ ಅಗಿದು ನುಂಗುತ್ತದೆ. ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಬಾಯಲ್ಲಿ ತಂತಿಯಿದೆಯೋ ದಾರವಿದೆಯೋ ಅದಕ್ಕೆ ತಿಳಿಯುವುದಿಲ್ಲ. ನೈಲಾನ್ ಅದರ ಹೊಟ್ಟೆಯಲ್ಲಿ ಕರಗುವುದಿಲ್ಲ. ಸಣ್ಣ ಚೂರು ಸೆಗಣಿಯ ಜೊತೆ ಹೊರಗೆ ಹೋದೀತು. ಉದ್ದದ ತುಂಡುಗಳು ಮೊದಲ ಹೊಟ್ಟೆಯಲ್ಲೇ ಉಳಿದು, ಪ್ಲಾಸ್ಟಿಕ್ ಚೀಲ, ಹಗ್ಗದ ಚೂರು ಇದ್ದರೆ ಅವುಗಳ ಜೊತೆ ಹೆಣೆದುಕೊಂಡು ಉಂಡೆಯಾಗುತ್ತವೆ. ಆಗ ಪದೇ ಪದೇ ಹೊಟ್ಟೆಯುಬ್ಬರ, ಮೇವಿನಲ್ಲಿ ನಿರಾಸಕ್ತಿ, ಹಾಲು ಇಳಿತ ಶುರುವಾಗುತ್ತದೆ. ಇದನ್ನು ಕರಗಿಸುವ ಔಷಧಿ ಇಲ್ಲ. ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ.

ಲೋಹದ ತಂತಿಯ ದಾರಿ ಬೇರೆ. ಅದು ಭಾರವಾದ್ದರಿಂದ ಜೇನುಗೂಡಿನಂತಹ ಗೆರೆಗಳಿರುವ ಎರಡನೇ ಹೊಟ್ಟೆಗೆ ಇಳಿದು ನಿಲ್ಲುತ್ತದೆ. ಆ ಹೊಟ್ಟೆ ಮತ್ತೆ ಮತ್ತೆ ಬಲವಾಗಿ ಹಿಂಡಿಕೊಳ್ಳುತ್ತದೆ. ಹಿಂಡಿದಂತೆಲ್ಲ ಮೊನೆ ಮುಂದಿನ ಗೋಡೆಗೆ ಚುಚ್ಚುತ್ತದೆ. ಆ ಗೋಡೆಯ ಮುಂದೆ ವಪೆ, ವಪೆಯ ಆಚೆಗೆ ಕೆಲವೇ ಇಂಚು ದೂರದಲ್ಲಿ ಹೃದಯ. ಗಬ್ಬ ಬಲಿತಾಗ, ಕರು ಹಾಕಲು ಮುಕ್ಕುವಾಗ ಒತ್ತಡ ಹೆಚ್ಚಿ ತಂತಿ ಇನ್ನೂ ಮುಂದೆ ಹೋಗುತ್ತದೆ.

ಮೊದಲು ಗಿಡ ನೋಡಿ, ಆಮೇಲೆ ಹೆಡ್ ಹಾಕಿ

ಯಂತ್ರ ಕೊಂಡಾಗ ಸಾಮಾನ್ಯವಾಗಿ ಒಂದು ನೈಲಾನ್ ಹೆಡ್, ಒಂದು ಲೋಹದ ಬ್ಲೇಡ್ ಕೊಡುತ್ತಾರೆ. ಯಾವುದು ಮೊದಲು ಹಾಕಿದೆವೋ ಅದನ್ನೇ ವರ್ಷವಿಡೀ ಬಳಸುವ ಅಭ್ಯಾಸ ಬಹಳ ಕಡೆ ಇದೆ. ಇದು ಸರಿಯಲ್ಲ. ಜಾಗವನ್ನು ಒಮ್ಮೆ ಸುತ್ತಿ ನೋಡಿ, ಈ ಕೆಳಗಿನಂತೆ ತೀರ್ಮಾನಿಸಿ:

1. ಎಳೆಯ ಹುಲ್ಲು, ಮೆತ್ತನೆಯ ಕಳೆ, ಕಲ್ಲು ಮತ್ತು ಗೋಡೆಯ ಪಕ್ಕ, ತೆಂಗು ಅಡಿಕೆಯ ಪಾತಿಯ ಸುತ್ತ: ನೈಲಾನ್ ದಾರ. ಆದರೆ ದಾರವೂ ಎಳೆಯ ಸಸಿಯ ತೊಗಟೆಯನ್ನು ಸುಲಿಯುತ್ತದೆ. ಸಸಿಯ ಬುಡಕ್ಕೆ ಒಂದು ಗೇಣು ಬಿಟ್ಟು ಹೊಡೆಯಿರಿ.

2. ಬಲಿತು ನಾರಾದ ಹುಲ್ಲು, ಎದೆಯೆತ್ತರದ ಕಳೆ, ಹಂಬು, ಬೆರಳಿನ ದಪ್ಪದ ಕಾಂಡ: ಮೂರು ಹಲ್ಲಿನ ಬ್ಲೇಡ್. ಕಾಂಡ 2 ಸೆಂ.ಮೀ. ದಪ್ಪ ಮೀರಿದರೆ ಇದನ್ನು ಬಳಸಬೇಡಿ.

3. ಲಂಟಾನದಂತಹ ಕಟ್ಟಿಗೆಯಾದ ಪೊದೆ: ಗರಗಸದ ಹಲ್ಲಿನ ಗುಂಡು ಬ್ಲೇಡ್. ಇದಕ್ಕೆ ಬಲವಾದ ಎಂಜಿನ್ ಬೇಕು. ಕಾಂಡ ಮಣಿಕಟ್ಟಿನ ದಪ್ಪವಿದ್ದರೆ ಯಂತ್ರವನ್ನು ಪಕ್ಕಕ್ಕಿಟ್ಟು ಮಚ್ಚು, ಗುದ್ದಲಿ ಹಿಡಿಯಿರಿ.

4. ನೇಪಿಯರ್, ಮುಸುಕಿನ ಜೋಳ, ಇತರ ಹಸಿರು ಮೇವು: ಟಿಪ್ ಇಲ್ಲದ, ಸಾದಾ ಉಕ್ಕಿನ, ಒತ್ತೊತ್ತಾಗಿ ಹಲ್ಲಿರುವ ಗುಂಡು ಬ್ಲೇಡ್ ಅಥವಾ ಕುಡುಗೋಲು. ನೈಲಾನ್ ದಾರ ಖಂಡಿತ ಬೇಡ.

ದಾರದ ದಪ್ಪ ಮತ್ತು ಆಕಾರ

ದಾರದ ದಪ್ಪವನ್ನು ಮಿ.ಮೀ.ನಲ್ಲಿ ಹೇಳುತ್ತಾರೆ. ಪೇಟೆಯಲ್ಲಿ ಹೆಚ್ಚಾಗಿ 2.0, 2.4, 2.7, 3.0 ಮತ್ತು 3.3 ಮಿ.ಮೀ. ದಾರ ಸಿಗುತ್ತದೆ. ಮನೆಯಂಗಳದ ಹುಲ್ಲಿಗೆ 2.0, ಬದುವಿನ ಸಾಮಾನ್ಯ ಕಳೆಗೆ 2.4, ಬಲಿತ ಕಳೆಗೆ 2.7 ಅಥವಾ 3.0 ಹೊಂದುತ್ತದೆ.

ದಪ್ಪ ದಾರವೇ ಒಳ್ಳೆಯದು ಎಂದು ಎಲ್ಲ ಯಂತ್ರಕ್ಕೂ 3.0 ಹಾಕುವುದು ತಪ್ಪು. ದಾರ ದಪ್ಪವಾದಷ್ಟೂ ಗಾಳಿಯನ್ನು ಸೀಳಲು ಹೆಚ್ಚು ಶಕ್ತಿ ಬೇಕು. 25 ರಿಂದ 30 ಸಿ.ಸಿ.ಯ ಸಣ್ಣ ಎಂಜಿನ್ನಿಗೆ 3.0 ದಾರ ಹಾಕಿದರೆ ವೇಗ ಏರುವುದಿಲ್ಲ, ಕ್ಲಚ್ ಕಾಯುತ್ತದೆ, ಹುಲ್ಲು ಹರಿಯುವ ಬದಲು ಬಾಗುತ್ತದೆ. ಅಂತಹ ಯಂತ್ರಕ್ಕೆ 2.4 ಸಾಕು. 40 ಸಿ.ಸಿ. ಮೇಲ್ಪಟ್ಟ ಯಂತ್ರಗಳು ಸಾಮಾನ್ಯವಾಗಿ 2.7 ಮತ್ತು 3.0 ದಾರವನ್ನು ಎಳೆಯುತ್ತವೆ. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಗರಿಷ್ಠ ದಪ್ಪ ಬರೆದಿರುತ್ತದೆ. ಅದನ್ನು ಮೀರಬೇಡಿ.

ಆಕಾರದಲ್ಲೂ ವ್ಯತ್ಯಾಸವಿದೆ. ಗುಂಡು ದಾರ ತಾಳಿಕೆ ಹೆಚ್ಚು. ಕಲ್ಲು, ಬೇಲಿಗೂಟ ಇರುವ ಕಡೆ ಇದೇ ಲೇಸು. ಚೌಕ ದಾರ ಮತ್ತು ನಕ್ಷತ್ರದಾಕಾರದ ದಾರಕ್ಕೆ ಏಣುಗಳಿರುವುದರಿಂದ ಬಲಿತ ಕಳೆಯನ್ನು ಚೆನ್ನಾಗಿ ಕಡಿಯುತ್ತವೆ, ಆದರೆ ಬೇಗ ಸವೆಯುತ್ತವೆ. ಹುರಿ ಹಾಕಿದ ದಾರ ಸದ್ದು ಕಡಿಮೆ ಮಾಡುತ್ತದೆ.

ಬೇಸಿಗೆಯಲ್ಲಿ ಅಟ್ಟದ ಮೇಲಿಟ್ಟ ದಾರ ಒಣಗಿ ಪೆಡಸಾಗಿ ಪಟಪಟನೆ ತುಂಡಾಗುತ್ತದೆ. ನೈಲಾನ್ ತೇವ ಹೀರುವ ವಸ್ತು. ಬಳಸುವ ಹಿಂದಿನ ದಿನ ದಾರದ ಸುರುಳಿಯನ್ನು ನೀರಿನಲ್ಲಿ ನೆನೆಹಾಕಿ, ಒರೆಸಿ ಸುತ್ತಿದರೆ ಮೆದುವಾಗಿ ಹೆಚ್ಚು ಬಾಳುತ್ತದೆ. ತುಂಡಾಗುವುದು ಕಡಿಮೆಯಾದಷ್ಟೂ ಹುಲ್ಲಿಗೆ ಸೇರುವ ತುಂಡೂ ಕಡಿಮೆ.

ಹೆಡ್ಡಿನಲ್ಲಿ ಎರಡು ಬಗೆ

ಮೊದಲನೆಯದು ಕುಟ್ಟಿದರೆ ದಾರ ಬಿಡುವ ಹೆಡ್. ಒಳಗಿನ ರಾಟೆಗೆ ಐದಾರು ಮೀಟರ್‌ವರೆಗೂ ದಾರ ಸುತ್ತಿರುತ್ತದೆ, ದಪ್ಪ ದಾರವಾದರೆ ಕಡಿಮೆ ಹಿಡಿಸುತ್ತದೆ. ಯಂತ್ರ ತಿರುಗುತ್ತಿರುವಾಗಲೇ ತಳದ ಗುಬುಟನ್ನು ನೆಲಕ್ಕೆ ಮೆಲ್ಲನೆ ತಟ್ಟಿದರೆ ಸ್ವಲ್ಪ ದಾರ ಹೊರಬರುತ್ತದೆ. ಹುಲ್ಲಿನ ಕೆಲಸಕ್ಕೆ ಇದು ಅನುಕೂಲ. ಸುತ್ತುವಾಗ ದಾರವನ್ನು ಮಧ್ಯಕ್ಕೆ ಮಡಚಿ, ರಾಟೆಯ ಕಚ್ಚಿಗೆ ಸಿಕ್ಕಿಸಿ, ಬಾಣದ ಗುರುತು ತೋರಿಸುವ ದಿಕ್ಕಿಗೆ ಬಿಗಿಯಾಗಿ, ಒಂದರ ಮೇಲೊಂದು ಅಡ್ಡ ಬೀಳದಂತೆ ಸುತ್ತಬೇಕು. ರಾಟೆಯ ತುಂಬ ತುರುಕಬಾರದು. ಸಡಿಲವಾಗಿ ಸುತ್ತಿದ ದಾರ ಅದುರಾಟದ ಬಿಸಿಗೆ ಒಂದಕ್ಕೊಂದು ಅಂಟಿಕೊಂಡು ಹೊರಗೆ ಬರುವುದಿಲ್ಲ.

ಎರಡನೆಯದು ತುಂಡು ದಾರದ ಹೆಡ್. ಇದರಲ್ಲಿ ರಾಟೆ ಇಲ್ಲ. ಅಳತೆಗೆ ಕತ್ತರಿಸಿದ ದಪ್ಪ ದಾರದ ತುಂಡುಗಳನ್ನು ತೂತಿಗೆ ಪೋಣಿಸುವುದಷ್ಟೆ. ಸವೆದರೆ ಯಂತ್ರ ನಿಲ್ಲಿಸಿ ಹೊಸದು ಹಾಕಬೇಕು. ಇದು ಸ್ವಲ್ಪ ನಿಧಾನದ ಕೆಲಸ, ಆದರೆ ಬಲಿತ ಕಳೆಗೆ ಇದೇ ಗಟ್ಟಿ. ಇನ್ನೊಂದು ಲಾಭವೂ ಇದೆ. ಸವೆದ ತುಂಡು ನಿಮ್ಮ ಕೈಗೇ ಬರುತ್ತದೆ. ಎಷ್ಟು ಹಾಕಿದಿರಿ, ಎಷ್ಟು ಉಳಿಯಿತು ಎಂಬ ಲೆಕ್ಕ ಸಿಗುತ್ತದೆ. ಹಳೆಯ ತುಂಡನ್ನು ಅಲ್ಲೇ ಎಸೆಯದೆ ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ.

ಗಾರ್ಡ್ ಬಿಚ್ಚಿ ಕೆಲಸ ಮಾಡುವವರನ್ನು ಬಹಳ ಕಡೆ ನೋಡಿದ್ದೇನೆ. ಗಾರ್ಡ್ ಇಲ್ಲದಿದ್ದರೆ ಕಲ್ಲು ಮುಖಕ್ಕೆ ಬರುತ್ತದೆ. ದಾರ ಬೇಕಾದದ್ದಕ್ಕಿಂತ ಉದ್ದವಾಗಿ ಬಿಟ್ಟುಕೊಂಡು ಎಂಜಿನ್ ಸುಸ್ತಾಗುತ್ತದೆ. ಗಾರ್ಡ್ ಬಿಚ್ಚಲೇಬೇಡಿ.

ಹೆಡ್ ಬದಲಿಸುವಾಗ ಹಲವರಿಗೆ ಒಂದು ತೊಡಕಾಗುತ್ತದೆ. ಸಾಮಾನ್ಯ ನಟ್ಟನ್ನು ಎಡಕ್ಕೆ ತಿರುಗಿಸಿ ಬಿಚ್ಚುತ್ತೇವೆ. ಈ ಯಂತ್ರಗಳಲ್ಲಿ ಬಹುಪಾಲು ಉಲ್ಟಾ ಮರೆ ಇರುತ್ತದೆ. ಗೇರ್ ಬಾಕ್ಸಿನ ಪಕ್ಕದ ತೂತಿಗೆ ಕಡ್ಡಿ ತೂರಿಸಿ ತಿರುಗದಂತೆ ಹಿಡಿದು, ಬಲಕ್ಕೆ ತಿರುಗಿಸಿ ಬಿಚ್ಚಬೇಕು, ಎಡಕ್ಕೆ ತಿರುಗಿಸಿ ಬಿಗಿಯಬೇಕು. ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ಟೋಪಿ ಕಿತ್ತ ನಂತರವೇ ಈ ಕೆಲಸ.

ಬ್ಲೇಡ್ ಬಳಸುವ ಕ್ರಮ

ಮೂರು ಹಲ್ಲಿನ ಬ್ಲೇಡಿನ ಒಂದು ಮಗ್ಗುಲು ಮೊಂಡಾದರೆ ತಿರುವಿ ಹಾಕಬಹುದು. ಅರದಿಂದ ಮೂರೂ ಹಲ್ಲನ್ನು ಸಮನಾಗಿ ಹರಿತ ಮಾಡಿ. ಒಂದು ಹಲ್ಲು ಹೆಚ್ಚು ಸವೆದರೆ ತೂಕ ತಪ್ಪಿ ಯಂತ್ರ ನಡುಗುತ್ತದೆ, ಕೈ ಜೋಮು ಹಿಡಿಯುತ್ತದೆ. ಬಿರುಕು ಬಿಟ್ಟ ಬ್ಲೇಡನ್ನು ಬೆಸುಗೆ ಹಾಕಿಸಿ ಬಳಸಲೇಬೇಡಿ. ಅದು ಹಾರಿದರೆ ಪ್ರಾಣಕ್ಕೇ ಸಂಚಕಾರ.

ಗುಂಡು ಬ್ಲೇಡುಗಳಲ್ಲಿ 40 ಹಲ್ಲಿನದು, 80 ಹಲ್ಲಿನದು ಸಿಗುತ್ತವೆ. ಕೆಲವದರ ಹಲ್ಲಿನ ತುದಿಗೆ ಗಟ್ಟಿ ಲೋಹದ ಟಿಪ್ ಬೆಸೆದಿರುತ್ತಾರೆ. ಲಂಟಾನ ಕಡಿಯಲು ಟಿಪ್ ಬ್ಲೇಡ್ ಚೆನ್ನ, ಬೇಗ ಮೊಂಡಾಗುವುದಿಲ್ಲ. ಆದರೆ ಕಲ್ಲಿಗೆ ತಗುಲಿದರೆ ಟಿಪ್ ಕಳಚಿ ಬೀಳುತ್ತದೆ. ಆದ್ದರಿಂದ ಮೇವು ಕೊಯ್ಯಲು ಟಿಪ್ ಬ್ಲೇಡ್ ಬಳಸಬೇಡಿ. ಮೇವಿಗೆ ಸಾದಾ ಹಲ್ಲಿನ ಬ್ಲೇಡನ್ನೇ ಬೇರೆಯಾಗಿ ಇಟ್ಟುಕೊಳ್ಳಿ. ಸಂಜೆ ಬ್ಲೇಡ್ ಒರೆಸುವಾಗ ಹಲ್ಲುಗಳನ್ನು ಎಣಿಸಿ ನೋಡುವ ಅಭ್ಯಾಸವಿರಲಿ. ಹಲ್ಲು ಮುರಿದಿದ್ದರೆ ಆ ದಿನದ ಮೇವನ್ನು ಹಾಕಬೇಡಿ.

ಬ್ಲೇಡ್ ಹಾಕಿದಾಗ ಯಂತ್ರ ಒದೆಯುವ ಅಪಾಯವಿದೆ. ನಿಮ್ಮ ಮುಂದಿರುವ ಬ್ಲೇಡನ್ನು ಗಡಿಯಾರದ ಮುಖವೆಂದು ಭಾವಿಸಿ, 12 ನಿಮ್ಮಿಂದ ಆಚೆಗಿರಲಿ. 12ರಿಂದ 3ರವರೆಗಿನ ಭಾಗ, ಅಂದರೆ ಬಲ ಮುಂಭಾಗ, ಗಟ್ಟಿ ಕಾಂಡಕ್ಕೆ ತಗುಲಿದರೆ ಯಂತ್ರ ಬಲವಾಗಿ ಪಕ್ಕಕ್ಕೆ ಒದೆಯುತ್ತದೆ. 8ರಿಂದ 11ರವರೆಗಿನ ಎಡ ಭಾಗದಲ್ಲಿ ಕಡಿಯಿರಿ. ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುವ ಸಾಮಾನ್ಯ ಯಂತ್ರಗಳಿಗೆ ಈ ಮಾತು ಅನ್ವಯಿಸುತ್ತದೆ. ಕಾಂಡಕ್ಕೆ ಬ್ಲೇಡ್ ಬೀಸಿ ಹೊಡೆಯಬಾರದು. ಪೂರ್ಣ ವೇಗಕ್ಕೆ ತಂದು, ಮೆಲ್ಲನೆ ಒತ್ತಬೇಕು.

ಎತ್ತರದ ಪೊದೆಯನ್ನು ಒಂದೇ ಸಲ ಬುಡಕ್ಕೆ ಹೊಡೆದರೆ ಹಂಬು ಸುತ್ತಿಕೊಳ್ಳುತ್ತದೆ. ಮೊದಲು ಮೇಲಿನ ಅರ್ಧ, ಆಮೇಲೆ ಕೆಳಗಿನ ಅರ್ಧ ಕಡಿಯಿರಿ. ಹಂಬು ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿಯೇ ಬಿಡಿಸಿ.

ತಂತಿ, ಸರಪಳಿ ಎಂದಿಗೂ ಬೇಡ

ಕ್ಲಚ್ ತಂತಿ, ಬೇಲಿ ತಂತಿ, ಸೈಕಲ್ ಬ್ರೇಕ್ ತಂತಿಯನ್ನು ನೈಲಾನ್ ಬದಲಿಗೆ ಹಾಕುವುದನ್ನು ಕೆಲವರು ಉಪಾಯವೆಂದು ಹೇಳಿಕೊಡುತ್ತಾರೆ. ನೈಲಾನಿಗಿಂತ ಉಕ್ಕು ಗಟ್ಟಿಯಲ್ಲವೇ ಎಂಬುದು ಅವರ ವಾದ. ಆದರೆ ಆ ವೇಗದಲ್ಲಿ ಮತ್ತೆ ಮತ್ತೆ ಬಾಗಿದ ಉಕ್ಕಿನ ಎಳೆ ದಣಿದು ತುಂಡಾಗುತ್ತದೆ. ತುಂಡು ಗುಂಡಿನಂತೆ ಹಾರುತ್ತದೆ. ಮನುಷ್ಯನಿಗೆ ತಗುಲದಿದ್ದರೆ ಹುಲ್ಲಿನಲ್ಲಿ ಉಳಿಯುತ್ತದೆ. ಹುಲ್ಲಿನಿಂದ ಹಸುವಿನ ಹೊಟ್ಟೆಗೆ ಬರುತ್ತದೆ.

ಸರಪಳಿಯ ಕೊಂಡಿ ಜೋಡಿಸಿದ ಹೆಡ್ಡುಗಳೂ ಇದೇ ಜಾತಿ. ಇಂತಹ ಹೆಡ್ಡಿನಿಂದ ಕಳಚಿ ಹಾರಿದ ಕೊಂಡಿ ತಗುಲಿ ಸಾವು ಸಂಭವಿಸಿದ ಮೇಲೆ, ಯುರೋಪಿಯನ್ ಒಕ್ಕೂಟವು ಲೋಹದ ಕೊಂಡಿಗಳಿಂದ ಮಾಡಿದ ಹೆಡ್ಡುಗಳ ಮಾರಾಟವನ್ನು ತಡೆಯುವಂತೆ ತನ್ನ ಸದಸ್ಯ ದೇಶಗಳಿಗೆ 2012ರಲ್ಲಿ ಆದೇಶಿಸಿತು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ದಾರ ಮುಗಿದರೆ ಆ ದಿನದ ಕೆಲಸ ನಿಲ್ಲಿಸಿ. ಅಥವಾ ಒಂದು ಸುರುಳಿ ದಾರವನ್ನು ಮೊದಲೇ ಮನೆಯಲ್ಲಿ ತಂದಿಡಿ. ಒಂದು ಸುರುಳಿ ದಾರದ ಬೆಲೆಯನ್ನೂ ಕರೆಯುವ ಹಸುವಿನ ಬೆಲೆಯನ್ನೂ ನೀವೇ ತೂಗಿ ನೋಡಿ.

ಕಡಿಯುವ ಮುನ್ನ

ಪೊದೆ ಬೆಳೆದ ಹಳೆಯ ಬೇಲಿಯೊಳಗೆ ಮುಳ್ಳುತಂತಿ, ಮೊಳೆ, ಬಾಟಲಿ, ಸೀರೆ ತುಂಡು ಅಡಗಿರುತ್ತವೆ. ಬ್ಲೇಡ್ ತಗುಲಿದರೆ ಹಳೆಯ ಬೇಲಿ ತಂತಿಯೂ ಚೂರಾಗುತ್ತದೆ. ಆದ್ದರಿಂದ ಕೋಲು ಹಿಡಿದು ಒಮ್ಮೆ ಸುತ್ತಿ, ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ. ಕೋಲಿನಿಂದ ಬಡಿಯುವುದರಿಂದ ಹಾವೂ ಸರಿದು ಹೋಗುತ್ತದೆ.

ಕೆಲಸ ಮಾಡುವ ಜಾಗದಿಂದ 50 ಅಡಿಯೊಳಗೆ ಜನ, ಮಕ್ಕಳು, ದನಕರು ಇರಬಾರದು. ಕಲ್ಲು ತಗುಲಿ ಕಣ್ಣು ಹೋದ ಹಸುವಿಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಪಂಚೆ, ಲುಂಗಿ, ಸೀರೆಯ ಸೆರಗು ಸುತ್ತಿಕೊಳ್ಳುತ್ತವೆ. ಪ್ಯಾಂಟು, ಬೂಟು, ಕನ್ನಡಕ, ಕಿವಿಗೆ ಹತ್ತಿ ಇರಲಿ. ಹೆಗಲಿನ ಬೆಲ್ಟನ್ನು ಅಳತೆಗೆ ಸರಿಮಾಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ವಿಶ್ರಾಂತಿ ತೆಗೆದುಕೊಳ್ಳಿ.

ಪೆಟ್ರೋಲ್ ತುಂಬುವುದು, ಆಯಿಲ್ ಬೆರೆಸುವುದು ಮೇವಿನ ರಾಶಿಯ ಹತ್ತಿರ ಬೇಡ. ಪೆಟ್ರೋಲ್, ಆಯಿಲ್ ಬಿದ್ದ ಹುಲ್ಲು ಹಸುವಿಗೆ ವಿಷ. ಹಳೆಯ ಆಯಿಲ್ ಡಬ್ಬವನ್ನು ಕರು ನೆಕ್ಕದಂತೆ ಎತ್ತರದಲ್ಲಿಡಿ.

ಕಡಿದ ಮೇಲೆ

ಕಡಿಯುವಷ್ಟೇ ಮುಖ್ಯ ಕಡಿದದ್ದನ್ನು ಎಲ್ಲಿ ಹಾಕುತ್ತೇವೆ ಎಂಬುದು.

ಲಂಟಾನ: ನಿಂತ ಗಿಡವನ್ನು ದನ ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಯಂತ್ರದಲ್ಲಿ ಕೊಚ್ಚಿದ ಎಲೆ ಹುಲ್ಲಿನ ಜೊತೆ ಬೆರೆತು, ಬಾಡಿ ಗೊಂತಿಗೆ ಬಂದರೆ ಹಸಿದ ದನ ತಿಂದುಬಿಡುತ್ತದೆ. ಅದರಲ್ಲಿರುವ ಲಂಟಾಡೀನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮೇವು ಬಿಡುವುದು, ಮಲಬದ್ಧತೆ, ಕಣ್ಣು ಹಳದಿಯಾಗುವುದು, ಬಿಸಿಲಿಗೆ ನಿಲ್ಲದೆ ನೆರಳಿಗೆ ಓಡುವುದು, ಬಿಳಿ ಚರ್ಮದ ಭಾಗ ಮತ್ತು ಮೂತಿ ಸುಟ್ಟಂತೆ ಬಿರಿದು ಸುಲಿಯುವುದು ಇದರ ಲಕ್ಷಣ. ಹಸುವನ್ನು ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿ, ಕೂಡಲೇ ವೈದ್ಯರನ್ನು ಕರೆಯಿರಿ. ಬೇಗ ಕರೆದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ಲಂಟಾನ ಕಡಿದ ಜಾಗದ ಹುಲ್ಲನ್ನು ಮೇವಿಗೆ ತರಬೇಡಿ. ಕೊಂಬೆಗಳನ್ನು ದನ ಹೋಗದ ಕಡೆ ರಾಶಿ ಹಾಕಿ. ಬುಡ ಕಡಿದರೆ ಮತ್ತೆ ಚಿಗುರುತ್ತದೆ. ಮಣ್ಣಿನಿಂದ ಎರಡು ಇಂಚು ಕೆಳಗೆ ಗುದ್ದಲಿ ಹಾಕಿ ಬೇರು ಕಡಿದರೆ ಚಿಗುರುವುದು ನಿಲ್ಲುತ್ತದೆ.

ಪಾರ್ಥೇನಿಯಂ: ಇದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಸಂಘದಲ್ಲಿ ಒಬ್ಬರ ಕ್ಯಾನು ಎಲ್ಲರ ಹಾಲಿಗೂ ಸೇರುತ್ತದೆ ಎಂಬುದನ್ನು ಮರೆಯಬಾರದು. ಹೂ ಬಿಡುವ ಮೊದಲೇ ಕಡಿಯಿರಿ ಅಥವಾ ಮಳೆ ಬಂದಾಗ ಕೈಗವಸು ಹಾಕಿ ಬೇರುಸಹಿತ ಕೀಳಿರಿ. ಹೂಬಿಟ್ಟ ಮೇಲೆ ಯಂತ್ರದಿಂದ ಹೊಡೆದರೆ ಬೀಜ ಚೆಲ್ಲುತ್ತದೆ. ಪುಡಿ ಮೈಗೆ ಬಿದ್ದರೆ ತುರಿಕೆ, ಮೂಗಿಗೆ ಹೋದರೆ ಸೀನು.

ಕಡಿದ ಬುಡಗಳು: ಗರಗಸದ ಬ್ಲೇಡಿನಲ್ಲಿ ಓರೆಯಾಗಿ ಕಡಿದ ಲಂಟಾನದ ಬುಡ ಈಟಿಯಂತಿರುತ್ತದೆ. ದನದ ಗೊರಸಿಗೆ, ಮಲಗಿದರೆ ಕೆಚ್ಚಲಿಗೆ ಗಾಯವಾಗುತ್ತದೆ. ನೆಲಕ್ಕೆ ಸಮವಾಗಿ ಕಡಿಯಿರಿ. ಬುಡ ತೆಗೆಯುವವರೆಗೆ ಅಲ್ಲಿ ದನ ಕಟ್ಟಬೇಡಿ.

ನೈಲಾನಿನಲ್ಲಿ ಹೊಡೆದ ಹುಲ್ಲು: ಅಲ್ಲೇ ಬಿಡಬೇಡಿ, ಕೊಟ್ಟಿಗೆಗೂ ತರಬೇಡಿ. ಬಾಚಿ, ಕಾಣುವ ತುಂಡುಗಳನ್ನು ಆರಿಸಿ, ಉಳಿದದ್ದನ್ನು ದನ ಬರದ ಗಿಡದ ಬುಡಕ್ಕೆ ಹೊದಿಕೆ ಹಾಕಿ.

ನೇಪಿಯರ್ ಕೊಯ್ಲು: ನೈಲಾನ್ ದಾರ ನೇಪಿಯರ್ ಕಾಂಡವನ್ನು ಜಜ್ಜುತ್ತದೆ. ಜಜ್ಜಿದ ಕೂಳೆ ಕೊಳೆತು ಮುಂದಿನ ಚಿಗುರು ಕುಂಟುತ್ತದೆ. ಹರಿತವಾದ ಬ್ಲೇಡಿನಲ್ಲಿ ನೆಲದಿಂದ 4ರಿಂದ 6 ಇಂಚು ಬಿಟ್ಟು ನೇರವಾಗಿ ಕೊಯ್ಯಿರಿ. ಇದರಿಂದ ಮಣ್ಣು, ಕಲ್ಲು ಮೇವಿಗೆ ಸೇರುವುದಿಲ್ಲ, ಬ್ಲೇಡೂ ಉಳಿಯುತ್ತದೆ, ಚಿಗುರೂ ಸೊಗಸಾಗಿ ಬರುತ್ತದೆ.

ಈ ಲಕ್ಷಣ ಕಂಡರೆ ಕಾಯಬೇಡಿ

- ಒಂದೇ ಹೊತ್ತಿನಲ್ಲಿ ಹಾಲು ಅರ್ಧಕ್ಕಿಂತ ಕೆಳಗೆ ಇಳಿಯುವುದು
- ಬೆನ್ನು ಬಾಗಿಸಿ, ಮೊಣಕೈ ಅಗಲಿಸಿ ನಿಲ್ಲುವುದು
- ಮಲಗಲು, ಏಳಲು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು
- ಮಲಗುವಾಗ, ಸೆಗಣಿ ಹಾಕುವಾಗ ನರಳುವುದು
- ಮೆಲುಕು ನಿಲ್ಲುವುದು, ಸ್ವಲ್ಪ ಜ್ವರ
- ಕೊನೆಗೆ ಗಂಗೆದೊಗಲು ಊದುವುದು

ಮೊದಲ ಎರಡು ಮೂರು ದಿನದಲ್ಲಿ ಗುರುತಿಸಿದರೆ ಅಯಸ್ಕಾಂತ ನುಂಗಿಸಿ, ಔಷಧಿ ಕೊಟ್ಟು, ಮುಂಗಾಲು ಎತ್ತರವಿರುವಂತೆ ಕಟ್ಟಿ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಎಷ್ಟೋ ಹಸುಗಳನ್ನು ಉಳಿಸಬಹುದು. ಗಂಗೆದೊಗಲು ಊದಿದ ಮೇಲೆ ಉಳಿಯುವುದು ಅಪರೂಪ. ಎಲ್ಲವನ್ನೂ ಅಜೀರ್ಣವೆಂದು ಮನೆಮದ್ದಿನಲ್ಲೇ ದಿನ ಕಳೆಯಬೇಡಿ. ವೈದ್ಯರು ಬಂದಾಗ, ಇತ್ತೀಚೆಗೆ ಯಂತ್ರದಲ್ಲಿ ಕೊಯ್ದ ಹುಲ್ಲು ಹಾಕಿದ್ದರೆ ಮರೆಯದೆ ಹೇಳಿ.

ಸದಸ್ಯರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ನೈಲಾನಿನಲ್ಲಿ ಹೊಡೆದ ಹುಲ್ಲನ್ನು ತೊಳೆದು ಹಾಕಬಹುದೇ?
ಉತ್ತರ: ಬೇಡ. ತೊಳೆದರೆ ಮಣ್ಣು ಹೋಗುತ್ತದೆ, ಹುಲ್ಲಿಗೆ ಸಿಕ್ಕಿಕೊಂಡ ದಾರ ಹೋಗುವುದಿಲ್ಲ. ಈಗ ಹಸಿರು ಬಣ್ಣದ ದಾರವೂ ಬರುತ್ತದೆ, ಅದು ಕಣ್ಣಿಗೇ ಕಾಣುವುದಿಲ್ಲ. ಕೊಳ್ಳುವಾಗ ಕೆಂಪು, ಕಿತ್ತಳೆ ಬಣ್ಣದ ದಾರ ಕೇಳಿ. ತುಂಡಾಗಿ ಬಿದ್ದರೆ ಆರಿಸಲಾದರೂ ಆಗುತ್ತದೆ.

ಪ್ರಶ್ನೆ: ನಮ್ಮ ಹಸುವಿಗೆ ಅಯಸ್ಕಾಂತ ನುಂಗಿಸಿದ್ದೇವೆ. ಇನ್ನು ಭಯವಿಲ್ಲವೇ?
ಉತ್ತರ: ಅಯಸ್ಕಾಂತ ಕಬ್ಬಿಣ, ಉಕ್ಕಿನ ಚೂರನ್ನು ಹಿಡಿದಿಡುತ್ತದೆ, ಇದು ಒಳ್ಳೆಯದೇ. ನೈಲಾನ್, ಪ್ಲಾಸ್ಟಿಕ್, ತಾಮ್ರ, ಅಲ್ಯುಮಿನಿಯಂ ಇವುಗಳನ್ನು ಹಿಡಿಯುವುದಿಲ್ಲ. ಆಗಲೇ ಆಳಕ್ಕೆ ಚುಚ್ಚಿದ ತಂತಿಯನ್ನೂ ಹಿಂದಕ್ಕೆ ಎಳೆಯುವುದಿಲ್ಲ.

ಪ್ರಶ್ನೆ: ಮೇವಿನಲ್ಲಿ ತಂತಿ ಇದೆಯೇ ಎಂದು ಮನೆಯಲ್ಲೇ ನೋಡುವ ಉಪಾಯವಿದೆಯೇ?
ಉತ್ತರ: ಕೆಟ್ಟುಹೋದ ಸ್ಪೀಕರಿನ ದೊಡ್ಡ ಅಯಸ್ಕಾಂತವನ್ನು ಕೋಲಿನ ತುದಿಗೆ ಭದ್ರವಾಗಿ ಕಟ್ಟಿ, ಗೊಂತಿಗೆ ಹಾಕುವ ಮೊದಲು ಮೇವಿನೊಳಗೆ ಆಡಿಸಿ. ಗೊಂತಿನ ತಳದಲ್ಲೂ ವಾರಕ್ಕೊಮ್ಮೆ ಆಡಿಸಿ. ಏನು ಅಂಟಿಕೊಂಡು ಬರುತ್ತದೆ ಎಂದು ನೋಡಿದರೆ ನಿಮಗೇ ಆಶ್ಚರ್ಯವಾದೀತು.

ಪ್ರಶ್ನೆ: ಬಾಡಿಗೆಗೆ ಯಂತ್ರದವರನ್ನು ಕರೆಸುತ್ತೇವೆ. ಅವರು ಯಾವ ಹೆಡ್ ತರುತ್ತಾರೋ ನಮಗೆ ಗೊತ್ತಿಲ್ಲ.
ಉತ್ತರ: ಕೆಲಸ ಶುರುವಾಗುವ ಮೊದಲೇ ಹೆಡ್ ನೋಡಿ. "ಅಣ್ಣ, ಇದು ಮೇವಿನ ಹುಲ್ಲು, ಸಾದಾ ಬ್ಲೇಡ್ ಹಾಕು" ಎಂದು ಹೇಳಿ. ತಂತಿ ಕಟ್ಟಿದ್ದರೆ ಗದ್ದೆಗೆ ಇಳಿಯಲು ಬಿಡಬೇಡಿ. ಕೂಲಿ ಕೊಡುವವರು ನೀವು, ಹಸು ನಿಮ್ಮದು.

ಪ್ರಶ್ನೆ: ಕೊಟ್ಟಿಗೆಯ ಸುತ್ತಲಿನ ಪೊದೆ ತೆಗೆಸುವುದು ಅಗತ್ಯವೇ?
ಉತ್ತರ: ಅಗತ್ಯ. ಪೊದೆ ಉಣ್ಣೆಗೂ ಹಾವಿಗೂ ಆಶ್ರಯ. ಮಿಶ್ರತಳಿ ಹಸುಗಳಿಗೆ ಬರುವ ಉಣ್ಣೆ ಜ್ವರಗಳು ಎಷ್ಟು ನಷ್ಟ ಮಾಡುತ್ತವೆ ಎಂಬುದು ನಿಮಗೆ ತಿಳಿದೇ ಇದೆ. ಪೊದೆ ತೆಗೆಸುವುದರ ಜೊತೆಗೆ ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನೂ ಮುಚ್ಚಿಸಿ.

ನೆನಪಿಡಿ

1. ಮೇವಿಗೆ ಸಾದಾ ಬ್ಲೇಡ್, ಕಳೆಗೆ ನೈಲಾನ್, ಪೊದೆಗೆ ಮೂರು ಹಲ್ಲು ಅಥವಾ ಗರಗಸ.
2. ಎಂಜಿನ್ನಿಗೆ ತಕ್ಕ ದಪ್ಪದ ದಾರ.
3. ಗಾರ್ಡ್ ಬಿಚ್ಚಬೇಡಿ, ತಂತಿ ಕಟ್ಟಬೇಡಿ.
4. ನೈಲಾನಿನಲ್ಲಿ ಹೊಡೆದ ಹುಲ್ಲು ಗೊಂತಿಗೆ ಬೇಡ.
5. ಒಂದೇ ಹೊತ್ತಿಗೆ ಹಾಲು ಇಳಿದರೆ ಅಂದೇ ವೈದ್ಯರನ್ನು ಕರೆಯಿರಿ.

ಆ ಮನೆಯವರು ಈಗ ಮತ್ತೆ ಎರಡು ಹಸು ಕಟ್ಟಿದ್ದಾರೆ. ಕಳೆದ ಸಲ ಅವರ ಊರಿಗೆ ಹೋದಾಗ ಕೊಟ್ಟಿಗೆಯ ಕಂಬದಲ್ಲಿ ಎರಡು ಮೊಳೆ ಹೊಡೆದಿದ್ದನ್ನು ನೋಡಿದೆ. ಒಂದರಲ್ಲಿ ಮೇವಿನ ಬ್ಲೇಡ್, ಇನ್ನೊಂದರಲ್ಲಿ ನೈಲಾನ್ ಹೆಡ್. ಮೇವಿನ ಬ್ಲೇಡಿಗೆ ಹಸಿರು ಬಣ್ಣ ಬಳಿದಿದ್ದರು. ಇದಕ್ಕೆ ಖರ್ಚೇನೂ ಇಲ್ಲ. ಸದಸ್ಯರೆಲ್ಲರೂ ತಮ್ಮ ಮನೆಯಲ್ಲಿ ಹೀಗೆಯೇ ಮಾಡಬೇಕೆಂದು, ಯಂತ್ರವಿರುವ ನೆರೆಹೊರೆಯವರಿಗೂ ಈ ವಿಷಯ ತಿಳಿಸಬೇಕೆಂದು ಕೋರುತ್ತೇನೆ. ಸಂದೇಹಗಳಿದ್ದಲ್ಲಿ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಬರೆದು ಕಳುಹಿಸಿ.

– ಪಶುವೈದ್ಯ ವಿಸ್ತರಣಾಧಿಕಾರಿ